ಯಾರ್ರೀ ಮಾಡಿದ್ದು ಈ ನೆಲ?

ನಮ್ಮ ಅಜ್ಜಿಯ ಕಥೆಗಳಲ್ಲಿ ಕೇಳಬಾರದ ಪ್ರಶ್ನೆಯೊಂದು ಯಾವಾಗಲೂ ಇರುತ್ತದೆ. ರಾಜಕುಮಾರ ಅದನ್ನು ಕೇಳಿಯೇ ಕೇಳುತ್ತಾನೆ, ಕೇಳಿದ ತಕ್ಷಣ ಮೊಣಕಾಲಿನವರೆಗೆ ಕಲ್ಲಾಗುತ್ತಾನೆ. ನಮ್ಮ ಮಾವ, ಅಂದರೆ ಅಜ್ಜಿಯ ಸ್ವಂತ ಮಗ, ಅಂಥದೊಂದು ಪ್ರಶ್ನೆಯನ್ನು ಇಪ್ಪತ್ತಾರು ವರ್ಷಗಳಿಂದ ಕಂಡಕಂಡ ಮನೆಯಲ್ಲೆಲ್ಲ ಕೇಳಿಕೊಂಡು ಬಂದಿದ್ದರೂ ಕಲ್ಲಾಗಿರಲಿಲ್ಲ. ದಿನವಿಡೀ ಕಲ್ಲಿನ ಜೊತೆಯೇ ಇರುವವನಿಗೆ ಶಾಪ ತಗಲುವುದಿಲ್ಲವೇನೋ ಎಂದು ನಾನು ಅಂದುಕೊಂಡಿದ್ದೆ.

ಮಾವ ಟೈಲ್ಸ್ ಮೇಸ್ತ್ರಿ. ಹೊಸ ನೆಲ ಹಾಕುವುದಕ್ಕಿಂತ ಬೇರೆಯವರು ಹಾಕಿ ಕೆಡಿಸಿದ್ದನ್ನು ರಿಪೇರಿ ಮಾಡುವುದರಲ್ಲಿ ಅವನಿಗೆ ಹೆಚ್ಚು ಸುಖ. ಈ ಕೆಲಸಕ್ಕೆ ಒಂದು ಶಾಸ್ತ್ರವಿದೆ. ಮೇಸ್ತ್ರಿಯಾದವನು ಬಾಗಿಲಲ್ಲಿ ನಿಂತು, ಸೊಂಟದ ಮೇಲೆ ಕೈಯಿಟ್ಟು, ನೆಲವನ್ನೊಮ್ಮೆ ನೋಡಿ, 'ಯಾರ್ರೀ ಮಾಡಿದ್ದು ಇದನ್ನ?' ಎನ್ನಬೇಕು. ಇದು ಪ್ರಶ್ನೆಯಲ್ಲ. 'ಚೆನ್ನಾಗಿದ್ದೀರಾ?' ಎಂದರೆ ಯಾರೂ ತಮ್ಮ ರಕ್ತಪರೀಕ್ಷೆಯ ಚೀಟಿ ತೋರಿಸುವುದಿಲ್ಲವಲ್ಲ, ಹಾಗೆ. ಮನೆಯವರು 'ಯಾರೋ ಒಬ್ಬ, ಬಿಡಿ' ಎಂದು ನಿಟ್ಟುಸಿರು ಬಿಡಬೇಕು. ಮೇಸ್ತ್ರಿ ಲೊಚಗುಟ್ಟಬೇಕು. ಅಲ್ಲಿಗೆ ಶಾಸ್ತ್ರ ಮುಗಿದು ಚೀಲದಿಂದ ಸುತ್ತಿಗೆ ಹೊರಬರುತ್ತದೆ.

ಅವನಿಗೆ ಊರೆಲ್ಲ ಇಟ್ಟ ಹೆಸರು ನೂಲು ಮೇಸ್ತ್ರಿ. ಇಂಚಿನ ಎಂಟನೇ ಒಂದು ಪಾಲಿಗೆ ಕಟ್ಟಡದವರು ಒಂದು ನೂಲು ಎನ್ನುತ್ತಾರೆ. ಯಾರ ಕೆಲಸ ತೋರಿಸಿದರೂ ಮಾವ ಒಂದು ಕಣ್ಣು ಮುಚ್ಚಿ 'ಒಂದು ನೂಲು ಎತ್ತರ' ಎನ್ನುತ್ತಿದ್ದ. ಮದುವೆಯಾದ ಹೊಸದರಲ್ಲಿ ಅತ್ತೆಯ ಬೈತಲೆಯನ್ನೂ ಹೀಗೇ ಒಂದು ಕಣ್ಣು ಮುಚ್ಚಿ ನೋಡಿದ್ದನಂತೆ. ಆ ಮಾತನ್ನು ಅತ್ತೆ ಇನ್ನೂ ಮರೆತಿಲ್ಲ.

ಇಷ್ಟೆಲ್ಲ ಜಂಬಕ್ಕೆ ಬಂಡವಾಳ ನಮ್ಮ ತಾತ. ತಾತನನ್ನು ಊರು ದೊಡ್ಡ ಮೇಸ್ತ್ರಿ ಎಂದೇ ಕರೆಯುತ್ತಿತ್ತು. ಎಂಟು ವರ್ಷದಿಂದ ಅವರು ಕರಣೆ ಮುಟ್ಟಿಲ್ಲ. ಆದರೂ ಸಂಜೆ ಬೀದಿಯ ಕೊನೆಯವರೆಗೆ ನಡೆದು ಬಂದರೆ ಹತ್ತು ಜನ ಎದ್ದು ನಿಂತು ಮಾತಾಡಿಸುತ್ತಿದ್ದರು. ಆ ಹತ್ತು ಜನರ ಲೆಕ್ಕದಲ್ಲಿ ಒಬ್ಬ ಕಡಿಮೆಯಾದರೂ ತಾತ ಅವತ್ತು ಊಟ ಸರಿಯಾಗಿ ಮಾಡುತ್ತಿರಲಿಲ್ಲ. ಮಾವನಿಗೆ ಕೆಲಸ ಬರುತ್ತಿದ್ದುದೂ 'ದೊಡ್ಡ ಮೇಸ್ತ್ರಿ ಮಗ' ಎಂದೇ.

ಹೀಗಿರುವಾಗ ಫೈಲು ಸಾಹೇಬರ ಮನೆಯಿಂದ ಕರೆ ಬಂತು. ಅವರು ಯಾವುದೋ ಕಚೇರಿಯ ದೂರು ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ವಿಚಾರಣೆ ನಡೆಸಿ ನಿವೃತ್ತರಾದವರು. ಜೀವಮಾನದಲ್ಲಿ ಒಂದು ಪ್ರಶ್ನೆಯನ್ನೂ ಉತ್ತರವಿಲ್ಲದೆ ಬಿಟ್ಟವರಲ್ಲ. ಪಾಪ, ನಿವೃತ್ತಿಯಾದ ಮೇಲೆ 'ಊಟಕ್ಕೆ ಬಡಿಸಲಾ?' ಎಂಬುದೊಂದನ್ನು ಬಿಟ್ಟು ಅವರನ್ನು ಯಾರೂ ಏನೂ ಕೇಳಿರಲಿಲ್ಲ.

ಅಳತೆ ಬರೆದುಕೊಳ್ಳಲು ನಾನೂ ಹೋಗಿದ್ದೆ. ಬಚ್ಚಲಮನೆ ನೋಡಿದರೆ ನನಗೇ ಅಯ್ಯೋ ಎನಿಸಿತು. ನೀಲಿ ಹೂವಿನ ಹಳೇ ಟೈಲ್ಸ್. ಒಂದು ಎದ್ದು ನಿಂತಿತ್ತು, ಪಕ್ಕದ್ದು ಕುಸಿದು ಕೂತಿತ್ತು. ಸಂದಿಗೆ ತುಂಬಿದ್ದ ಬಿಳಿ ಸಿಮೆಂಟು ಉಗುರು ತಾಗಿದರೆ ಹಿಟ್ಟಾಗಿ ಉದುರುತ್ತಿತ್ತು. ಮಾವ ಕರಣೆಯ ಹಿಡಿಯಿಂದ ಅಲ್ಲಲ್ಲಿ ತಟ್ಟಿದ. ಎಲ್ಲ ಕಡೆಯಿಂದಲೂ ಖಾಲಿ ಡಬ್ಬಿಯ ಸದ್ದು. ಕೊನೆಗೆ ಒಂದು ಚೊಂಬು ನೀರು ಸುರಿದ. ನೀರು ಒಂದು ಗಳಿಗೆ ಯೋಚನೆ ಮಾಡಿ, ಮೋರಿಗೆ ಬೆನ್ನು ತಿರುಗಿಸಿ, ನೇರ ಬಾಗಿಲು ದಾಟಿ ಮಲಗುವ ಕೋಣೆಯ ಕಡೆ ಹೊರಟಿತು.

ಮಾವ ಬಾಗಿಲಲ್ಲಿ ನಿಂತು ಶಾಸ್ತ್ರ ಮಾಡಿದ. "ಯಾರ್ರೀ ಮಾಡಿದ್ದು ಈ ನೆಲ?"

ಸಾಹೇಬರು ನಿಟ್ಟುಸಿರು ಬಿಡಲಿಲ್ಲ. ಅವರ ಮುಖಕ್ಕೆ ಮಳೆ ಕಂಡ ಗಿಡದ ಕಳೆ ಬಂತು. "ಒಳ್ಳೇ ಪ್ರಶ್ನೆ," ಎಂದರು. "ಕೂತ್ಕೊಳ್ಳಿ ಮೇಸ್ತ್ರಿ. ಬರ್ಕೊಳ್ತೀನಿ."

ಹೊಸ ಫೈಲು ಬಂತು, ಅದಕ್ಕೊಂದು ಸಂಖ್ಯೆ ಬಂತು. ಮನೆಯನ್ನು ತಾವು ಕೊಂಡದ್ದು ಹನ್ನೊಂದು ವರ್ಷದ ಹಿಂದೆ, ಆಗಲೇ ಬಚ್ಚಲು ಹೀಗಿತ್ತು, ಮಾಡಿದವನು ಯಾರೆಂದು ತಿಳಿದಿಲ್ಲ, ಆದರೆ ತಿಳಿಯದೆ ಬಿಡುವುದಿಲ್ಲ ಎಂದು ಸಾಹೇಬರು ಹೇಳಿದರು. ತಜ್ಞನಾಗಿ ನಿಮ್ಮ ಅಭಿಪ್ರಾಯವೇನು ಎಂದು ಮಾವನನ್ನು ಕೇಳಿದರು. ಮಾವನನ್ನು ತಜ್ಞ ಎಂದು ಅದುವರೆಗೆ ಯಾರೂ ಕರೆದಿರಲಿಲ್ಲ. ಅವನು ಕಾಲರ್ ಸರಿಮಾಡಿಕೊಂಡ.

"ಬರ್ಕೊಳ್ಳಿ ಸಾರ್. ಇದನ್ನ ಮಾಡಿದೋನಿಗೆ ಕಣ್ಣಿರ್ಲಿಲ್ಲ. ಕಣ್ಣಿದ್ರೆ ಗಮನ ಇರ್ಲಿಲ್ಲ. ಎರಡೂ ಇತ್ತು ಅಂದ್ರೆ ನಾಚಿಕೆ ಇರ್ಲಿಲ್ಲ. ನೆಲಕ್ಕೆ ವಾಟ ಅಂತ ಕೊಡ್ತೀವಿ, ನೀರು ಹರಿದು ಹೋಗೋಕೆ ಇಳಿಜಾರು. ಇವನು ನೀರಿಗೇ ದಾರಿ ತಪ್ಪಿಸಿದಾನೆ. ಇವನನ್ನ ಹಿಡಿಯೋದು ಆಮೇಲಾಗ್ಲಿ, ಇವನ ಕೈಗೆ ಕರಣೆ ಕೊಟ್ಟೋನನ್ನ ಮೊದಲು ಹಿಡೀಬೇಕು."

ಸಾಹೇಬರು 'ಹಿಡೀಬೇಕು' ಎಂಬಲ್ಲಿಗೆ ಪೂರ್ಣವಿರಾಮ ಹಾಕಿ, ಓದಿ ಹೇಳಿ, ಮಾವನಿಂದ ಸಹಿ ಮಾಡಿಸಿಕೊಂಡರು. ಮಾವ ಸಹಿಯ ಕೆಳಗೆ ಎರಡು ಗೆರೆ ಕೂಡ ಎಳೆದ.

ಆಮೇಲೆ ಅಳತೆ ತೆಗೆಯಲೆಂದು ಒಳಗೆ ಹೋಗಿ ಬಾಗಿಲು ಮುಚ್ಚಿದೆವು. ಬಾಗಿಲ ಹಿಂದಿನ ಮೂಲೆಯ ಕೊನೇ ಟೈಲ್ಸಿನಲ್ಲಿ ಹೂವು ತಲೆಕೆಳಗಾಗಿತ್ತು. ಉಳಿದೆಲ್ಲ ಹೂವಿಗೂ ದಂಟು ಕೆಳಗೆ, ಇದೊಂದಕ್ಕೆ ದಂಟು ಮೇಲೆ.

ಮಾವ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಅಳತೆಯ ಟೇಪು ತಾನಾಗಿ ಸರ್ರನೆ ಒಳಗೆ ಹೋಯಿತು.

ಆ ತಲೆಕೆಳಗಿನ ಹೂವಿನ ಕಥೆ ಕೇಳದೆ ನಾನು ಮಲಗಿದ ದಿನವಿಲ್ಲ. ತಾತ ಹಾಕಿದ ನೆಲ ಒಂದು ಕಾಲದಲ್ಲಿ ಎಷ್ಟು ನಯವಾಗಿರುತ್ತಿತ್ತೆಂದರೆ ಮನೆಯವರು ಕೆರೆಯೆಂದು ತಿಳಿದು ಸೀರೆ ಎತ್ತಿ ಹಿಡಿಯುತ್ತಿದ್ದರಂತೆ. ಕಾಲಿಡಲು ಜನ ಹೆದರುತ್ತಾರೆ ಎಂದು ತಾತನೇ ಪ್ರತಿ ನೆಲದಲ್ಲೂ ಬಾಗಿಲ ಹಿಂದೆ ಒಂದು ಹೂವನ್ನು ಬೇಕೆಂದೇ ತಿರುಗಿಸಿ ಇಡತೊಡಗಿದರಂತೆ. ಅಜ್ಜಿಗೆ ಇದು ಕಥೆ, ಊರಿಗೆ ಇದು ದೊಡ್ಡ ಮೇಸ್ತ್ರಿಯ ಸಹಿ.

ಹೊರಗೆ ಬಂದ ಮಾವನ ದನಿ ಬದಲಾಗಿತ್ತು. ಮಾಡಿದವನು ಯಾರೋ ಪಾಪದವನಿರಬೇಕು, ಹಳೇ ಕಾಲದ ಸಿಮೆಂಟು, ಬಿಟ್ಟುಬಿಡೋಣ, ನಾಳೆಯೇ ಒಡೆದು ಹೊಸದು ಹಾಕಿಕೊಡುತ್ತೇನೆ ಎಂದ. ಸಾಹೇಬರು ಕನ್ನಡಕದ ಮೇಲಿಂದ ನೋಡಿದರು. ಹತ್ತು ನಿಮಿಷದ ಹಿಂದೆ ನಾಚಿಕೆಯಿಲ್ಲದವನಾಗಿದ್ದವನು ಈಗ ಪಾಪದವನಾದದ್ದು ಹೇಗೆಂದು ಕೇಳಿದರು. 'ತಜ್ಞರ ಹೇಳಿಕೆಯಲ್ಲಿ ಬದಲಾವಣೆ, ಬಾಗಿಲು ಮುಚ್ಚಿದ ನಂತರ' ಎಂದು ಬರೆದುಕೊಂಡು, ವಿಚಾರಣೆ ಮುಗಿಯುವವರೆಗೆ ಒಂದು ಟೈಲ್ಸನ್ನೂ ಮುಟ್ಟಕೂಡದೆಂದು ಬಚ್ಚಲ ಬಾಗಿಲಿಗೆ ದಾರ ಕಟ್ಟಿ ಸಹಿ ಮಾಡಿದ ಚೀಟಿ ಅಂಟಿಸಿದರು. ಮನೆಯ ಯಜಮಾನಮ್ಮ ಟವೆಲು ಹಿಡಿದು ನಿಂತಿದ್ದವರು ಚೀಟಿ ಓದಿ, ಎದುರು ಮನೆಯ ಟೀಚರಮ್ಮನಲ್ಲಿಗೆ ಸ್ನಾನಕ್ಕೆ ಹೋದರು.

ಅನುಮಾನವೂ ಬಚ್ಚಲ ನೀರಿನ ಹಾಗೇ. ವಾಟ ತಪ್ಪಿದರೆ ಮೋರಿ ಬಿಟ್ಟು ಎಲ್ಲ ಕೋಣೆಗೂ ಹರಿಯುತ್ತದೆ. ಅವತ್ತಿನಿಂದ ಮಾವ ಸ್ವಂತ ಅಪ್ಪನನ್ನು ಕಳ್ಳನನ್ನು ನೋಡುವಂತೆ ನೋಡತೊಡಗಿದ. ಕಣ್ಣು ಮಂಜಾಗಿದ್ದಾಗ ಮಾಡಿದ ಕೆಲಸವೋ ಎಂದು ಅಂಗಿಯ ಗುಂಡಿ ಹೊಲಿಯುವ ನೆಪದಲ್ಲಿ ಸೂಜಿ ದಾರ ಕೊಟ್ಟು ಪೋಣಿಸಲು ಹೇಳಿದ. ತಾತ ಮಾತಾಡುತ್ತಲೇ ಪೋಣಿಸಿಕೊಟ್ಟರು. ಕೈ ನಡುಗುತ್ತದೆಯೋ ಎಂದು ಅಂಚಿನವರೆಗೆ ಕಾಫಿ ತುಂಬಿ ಕೊಟ್ಟ. ಒಂದು ಹನಿ ಚೆಲ್ಲಲಿಲ್ಲ. ಹಾಗಾದರೆ ಕಣ್ಣಿತ್ತು, ಕೈಯಿತ್ತು. ಇಂಥ ನೆಲವನ್ನು ಬೇಕೆಂದೇ ಹಾಕಿದರೇ, ಹಾಕಿದ್ದರೆ ಯಾರ ಮೇಲಿನ ಸಿಟ್ಟಿಗೆ, ಎಂದು ಮಾವನ ತಲೆ ಹೊಸ ದಾರಿ ಹಿಡಿಯಿತು.

ಇದನ್ನೆಲ್ಲ ನೋಡಿದ ಅಜ್ಜಿಗೆ ಮಗನ ಮೇಲೆ ಅನುಮಾನ. ಕಣ್ಣು ನೋಡುತ್ತಾನೆ, ಕೈ ನೋಡುತ್ತಾನೆ, ಸಂತೆಯಲ್ಲಿ ಎತ್ತು ನೋಡುವ ಹಾಗೆ. ಮುದುಕನಿಂದ ಯಾವ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಲು ಹೊರಟಿದ್ದಾನೋ ಎಂದು ನನ್ನ ಕಿವಿಯಲ್ಲಿ ಹೇಳಿದಳು. ಮಾವ ಕೆಲಸವೇ ಶುರುವಾಗದ ಮನೆಗೆ ದಿನಾ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗುವುದೇಕೆಂದು ಅತ್ತೆಗೆ ಅನುಮಾನ. ತಾತ ಮಾತ್ರ ಯಾರನ್ನೂ ಅನುಮಾನಿಸದೆ ಪೇಪರ್ ಓದುತ್ತಿದ್ದರು. ಅದೇ ಮಾವನಿಗೆ ಎಲ್ಲಕ್ಕಿಂತ ಹೆಚ್ಚಿನ ಅನುಮಾನ.

ಅತ್ತ ಸಾಹೇಬರ ಹಜಾರದಲ್ಲಿ ವಿಚಾರಣೆ ಜೋರಾಗಿ ನಡೆಯುತ್ತಿತ್ತು. ಮನೆ ಮಾರಿದ ಹಳೇ ಮಾಲೀಕರಿಗೆ ಪತ್ರ ಹೋಯಿತು. ಟೈಲ್ಸ್ ಅಂಗಡಿಯವನು ಬಂದು, ಮಾರಿದ್ದಷ್ಟೇ ನಮ್ಮ ಕೆಲಸ, ಕೂರಿಸಿದ ತಪ್ಪು ನಮ್ಮದಲ್ಲ ಎಂದು ಯಾರೂ ಕೇಳುವ ಮೊದಲೇ ಹೇಳಿದ. ಸಾಹೇಬರು ಕೂಡಲೇ ಅವನ ಹೆಸರನ್ನು ಸಾಕ್ಷಿಗಳ ಪಟ್ಟಿಯಿಂದ ಶಂಕಿತರ ಪಟ್ಟಿಗೆ ದಾಟಿಸಿದರು. ಟೀಚರಮ್ಮ, ಆಪಾದಿತ ಯಾರೇ ಆಗಲಿ ಬೇಗ ಸಿಕ್ಕರೆ ತಮ್ಮ ಮನೆಯ ಬಿಸಿನೀರು ಉಳಿಯುತ್ತದೆ ಎಂದು ಹೇಳಿಕೆ ಕೊಟ್ಟರು.

ಒಂಬತ್ತನೇ ದಿನ ಮಧ್ಯಾಹ್ನ ಸಾಹೇಬರು ಊಟ ಮಾಡಿ ಅಡ್ಡಾದ ಹೊತ್ತಿಗೆ ಮಾವ ಮರು ಅಳತೆಯ ನೆಪದಲ್ಲಿ ನನ್ನನ್ನು ಕರೆದುಕೊಂಡು ಹೋದ. ಯಜಮಾನಮ್ಮ ದಾರ ಬಿಚ್ಚಿಕೊಟ್ಟು, ಏನು ಬೇಕಾದರೂ ಮಾಡಿ, ಸ್ನಾನ ಒಂದು ಮಾಡುವ ಹಾಗೆ ಮಾಡಿಕೊಡಿ ಎಂದರು. ಮಾವ ಉಳಿಯ ತುದಿಗೆ ಬಟ್ಟೆ ಸುತ್ತಿ, ತಲೆಕೆಳಗಿನ ಟೈಲ್ಸನ್ನು ಮೆಲ್ಲಗೆ ಎಬ್ಬಿಸಿದ. ಅಡಿಯಲ್ಲಿ ನಾಲ್ಕು ಮೂಲೆಗೆ ನಾಲ್ಕು ಉಂಡೆ ಸಿಮೆಂಟು, ಮಧ್ಯೆ ಬರೀ ಗಾಳಿ. "ಅಪ್ಪಾ, ಅಪ್ಪಾ," ಎಂದು ಮಾವ ತಲೆಯಾಡಿಸಿದ, ಮನೆ ಬಿಟ್ಟು ಓಡಿಹೋದ ಮಗನ ಬಗ್ಗೆ ಹೇಳುವ ಹಾಗೆ. ಆಮೇಲೆ ಟೈಲ್ಸನ್ನು ತಿರುಗಿಸಿ ನೆಟ್ಟಗೆ ಕೂರಿಸಿ, ಸಂದಿಗೆ ಸಿಮೆಂಟು ತುಂಬಿ, ಹೊಸದೆಂದು ಗೊತ್ತಾಗದಂತೆ ಕಾಫಿ ಡಿಕಾಕ್ಷನ್ ಸವರಿದ. ಇಡೀ ನೆಲದಲ್ಲಿ ಸರಿಯಾಗಿ ಕೂತ ಟೈಲ್ಸ್ ಅದೊಂದೇ ಆಯಿತು.

ಅದೇ ಎಡವಟ್ಟಾದದ್ದು. ಸಾಹೇಬರು ಮೊದಲ ದಿನವೇ ಐವತ್ತಾರು ಟೈಲ್ಸಿಗೂ ಸಂಖ್ಯೆ ಕೊಟ್ಟು ನಕ್ಷೆ ಬರೆದಿಟ್ಟಿದ್ದರು. ಸಂಜೆ ನಕ್ಷೆ ಹಿಡಿದು ತಟ್ಟುತ್ತಾ ಬಂದವರಿಗೆ ಐವತ್ತೈದು ಖಾಲಿ ಡಬ್ಬಿಯಂತೆ ಕೇಳಿತು, ಐವತ್ತಾರನೆಯದು ಬಂಡೆಯಂತೆ ಕೇಳಿತು. ಬಗ್ಗಿ ಮೂಸಿದರೆ ಕಾಫಿ. ಮನೆಯಲ್ಲಿ ಎಲ್ಲರೂ ಚಹಾ ಕುಡಿಯುವವರು.

ಮರುದಿನ ಮಾವನನ್ನು ತಜ್ಞರ ಕುರ್ಚಿಯಿಂದ ಎಬ್ಬಿಸಿ ಸ್ಟೂಲಿನ ಮೇಲೆ ಕೂರಿಸಿದರು. ಅವತ್ತೇ ನಲ್ಲಿ ರಿಪೇರಿಯ ಮುದುಕನನ್ನೂ ಕರೆಸಿದ್ದರು. ಐವತ್ತಾರನೇ ಹೂವು ಮೊದಲು ತಲೆಕೆಳಗಿದ್ದದ್ದನ್ನು ನಕ್ಷೆಯಲ್ಲಿ ತೋರಿಸಿ, ಇದರಿಂದ ಏನಾದರೂ ತಿಳಿಯುತ್ತದೆಯೇ ಎಂದು ಕೇಳಿದರು. ಮಾವ ಅವನಿಗೆ ಹುಬ್ಬು ಹಾರಿಸಿದ, ಕೆಮ್ಮಿದ, ಕೊನೆಗೆ ಕಾಲು ತುಳಿದ. ನಲ್ಲಿಯವನು ಕಾಲು ಹಿಂದೆಳೆದುಕೊಂಡು, "ಇದೇನು ಕೇಳ್ತೀರಾ ಸ್ವಾಮಿ," ಎಂದ. "ಇದು ದೊಡ್ಡ ಮೇಸ್ತ್ರಿ ಗುರುತು. ಇಲ್ಲೇ ಕೂತವ್ರಲ್ಲ, ಇವ್ರಪ್ಪ."

ಸಾಹೇಬರು ಪೆನ್ನು ಕೆಳಗಿಟ್ಟರು. ಮೂವತ್ತನಾಲ್ಕು ವರ್ಷದಲ್ಲಿ ಎರಡೋ ಮೂರೋ ಸಲ ಹಾಗೆ ಇಟ್ಟಿದ್ದರಂತೆ.

ಭಾನುವಾರ ಹತ್ತು ಗಂಟೆಗೆ ತಾತ ಬರಬೇಕೆಂದು ಬರವಣಿಗೆಯಲ್ಲಿ ಹೇಳಿಕಳಿಸಿದರು. ಕರೆಯೋಲೆ ಓದಿ ತಾತ ಇಷ್ಟೇ ಹೇಳಿದ್ದು: "ಆ ಮನೆನಾ?" ಮಾವ ಮೂರು ದಿನ ಅಂಗಲಾಚಿದ. ಜ್ವರ ಅನ್ನು, ಊರಲ್ಲಿಲ್ಲ ಅನ್ನು, ಮರೆವು ಅನ್ನು. ತಾತ ತಮ್ಮ ಬಿಳಿ ಅಂಗಿಗೆ ತಾವೇ ಇಸ್ತ್ರಿ ಹಾಕಿಕೊಂಡರು.

ಭಾನುವಾರ ಸಾಹೇಬರ ಹಜಾರ ತುಂಬಿತ್ತು. ಟೀಚರಮ್ಮ, ಟೈಲ್ಸ್ ಅಂಗಡಿಯವನು, ನಲ್ಲಿಯವನು, ತಾತನನ್ನು ಸಂಜೆ ಎದ್ದು ನಿಂತು ಮಾತಾಡಿಸುವ ಹತ್ತರಲ್ಲಿ ಏಳು ಜನ. ಅವರು ಅವತ್ತು ಏಳಲಿಲ್ಲ. ಎದ್ದರೆ ಕುರ್ಚಿ ಹೋಗುತ್ತಿತ್ತು ಎಂಬುದೂ ಒಂದು ಕಾರಣ. ಆದರೆ ಮಾವ ಏಳನ್ನೂ ಎಣಿಸಿದ್ದನ್ನು ನಾನು ನೋಡಿದೆ. ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಬಾಗಿಲ ಹತ್ತಿರ ಕೂತಳು.

ಸಾಹೇಬರು ತಜ್ಞರ ಹೇಳಿಕೆಯನ್ನು ಗಟ್ಟಿಯಾಗಿ ಓದಿದರು. ಕಣ್ಣಿರಲಿಲ್ಲ, ಗಮನವಿರಲಿಲ್ಲ, ನಾಚಿಕೆಯಿರಲಿಲ್ಲ. ತಾತ ಕಿವಿಗೆ ಕೈ ಅಡ್ಡವಿಟ್ಟು, ಕರಣೆ ಕೊಟ್ಟವನ ಬಗ್ಗೆ ಇರುವುದನ್ನು ಇನ್ನೊಂದು ಸಲ ಓದಬೇಕೆಂದು ಕೇಳಿಕೊಂಡರು. ಓದಿದರು. ತಾತನ ಮೀಸೆಯ ತುದಿ ಸ್ವಲ್ಪ ಅಲುಗಿತು. ಮಾವ ಸ್ಟೂಲಿನ ಮೇಲೆ ಅರ್ಧಕ್ಕರ್ಧ ಆಗಿಹೋದ.

ಮುಂದೆ ಸಾಹೇಬರು ತಮ್ಮ ಶೋಧನೆ ಮಂಡಿಸಿದರು. ಹಳೇ ಮಾಲೀಕರ ಉತ್ತರ ಬಂದಿದೆ. ಬಚ್ಚಲಿನ ಕೆಲಸ ನಡೆದದ್ದು ಇಪ್ಪತ್ತಾರು ವರ್ಷದ ಹಿಂದೆ. ತಾವು ಸ್ವತಃ ಹನ್ನೊಂದು ಮನೆಗೆ ಹೋಗಿ ಹಿರಿಯರ ನೆಲಗಳನ್ನು ನೋಡಿದ್ದಾರೆ. ಆ ವರ್ಷಕ್ಕಿಂತ ಮೊದಲಿನ ನೆಲಗಳಲ್ಲಿ ಒಂದು ಹೂವೂ ತಿರುಗಿಲ್ಲ. ಈ ಮನೆಯದೇ ಮೊದಲು. ಆಮೇಲಿನ ಪ್ರತಿಯೊಂದರಲ್ಲೂ ತಿರುಗಿದೆ. ಇದರಿಂದ ತಿಳಿಯುವುದೇನೆಂದರೆ, ಆ ವರ್ಷ ಹಿರಿಯರ ಕೈಗೆ ಏನೋ ಆಗಿದೆ. ಅಲ್ಲಿಂದ ಮುಂದೆ ಊರು ಸಹಿ ಎಂದುಕೊಂಡದ್ದು ಬರೀ ಕೈತಪ್ಪು. "ಹಿರಿಯರೇ, ಈ ನೆಲ ಯಾರು ಮಾಡಿದ್ದು? ನೀವೇ ಹೇಳಿ."

ಏಳೂ ಜನ ತಾತನ ಕೈಗಳನ್ನು ನೋಡುತ್ತಿದ್ದರು. ತಾತ ನಿಧಾನವಾಗಿ ಎದ್ದು, ಅಂಗಿ ಸರಿಮಾಡಿಕೊಂಡು, "ಅದು ನಾನು..." ಎಂದು ಬಾಯಿ ತೆರೆದರು.

ಮಾವನ ಸ್ಟೂಲು ಹಿಂದಕ್ಕೆ ಬಿತ್ತು. "ನಾನು ಸಾರ್. ನಾನೇ ಮಾಡಿದ್ದು."

ಸಾಹೇಬರು ನಂಬಲಿಲ್ಲ. ಎಲ್ಲ ಕೇಳಿ ಆದ ಮೇಲೆ ಒಪ್ಪಿಕೊಳ್ಳುವವನನ್ನು ಅವರು ಯಾವತ್ತೂ ನಂಬಿದವರಲ್ಲ. ವಿವರ ಕೇಳಿದರು. ಮಾವ ಬೆವರು ಒರೆಸಿಕೊಳ್ಳುತ್ತಾ ಕಥೆ ಕಟ್ಟಿದ. ಆಗಿನ್ನೂ ಕೆಲಸ ಕಲಿಯಲು ಸೇರಿದ ಹೊಸತು. ಅಪ್ಪ ಸಿಮೆಂಟು ತರಲೆಂದು ಹೋಗಿದ್ದರು. ಬರುವಷ್ಟರಲ್ಲಿ ಮುಗಿಸಿ ಶಹಬ್ಬಾಸ್ ಅನ್ನಿಸಿಕೊಳ್ಳೋಣವೆಂದು ತಾನೇ ಇಡೀ ನೆಲ ಹಾಕಿಬಿಟ್ಟ. ಸಿಮೆಂಟು ಕಡಿಮೆಯಿದ್ದದ್ದರಿಂದ ಮೂಲೆಗೊಂದು ಉಂಡೆ ಇಟ್ಟ. ವಾಟ ಅಂದರೇನೆಂದೇ ಗೊತ್ತಿರಲಿಲ್ಲ. ಕೊನೇ ಹೂವು ಅವಸರದಲ್ಲಿ ತಿರುಗಿಹೋಯಿತು. ಮಾವ ಇಷ್ಟು ಚೆನ್ನಾಗಿ ಸುಳ್ಳು ಹೇಳಬಲ್ಲನೆಂದು ನನಗೆ ಗೊತ್ತಿರಲಿಲ್ಲ. ಅಜ್ಜಿಯ ಮಗನಲ್ಲವೇ ಎಂದುಕೊಂಡೆ.

ತಾತ ಕೂತುಬಿಟ್ಟರು. ಮಗನನ್ನೇ ನೋಡುತ್ತಿದ್ದರು.

ಎಲ್ಲವೂ ನಕ್ಷೆಗೆ ತಾಳೆಯಾಯಿತು, ಖಾಲಿ ಡಬ್ಬಿಯ ಸದ್ದು ಸಹಿತ. ಸಾಹೇಬರು ಫೈಲು ಮುಕ್ತಾಯ ಮಾಡಲು ಕೂತರು. ತಜ್ಞರು ಎಂಬಲ್ಲಿ ಮಾವನ ಸಹಿ, ಆಪಾದಿತರು ಎಂಬಲ್ಲಿ ಮಾವನ ಸಹಿ, ಸಾಕ್ಷ್ಯ ಕೆಡಿಸಿದವರು ಎಂಬಲ್ಲಿ ಮಾವನ ಸಹಿ, ದುರಸ್ತಿ ಮಾಡುವವರು ಎಂಬಲ್ಲೂ ಮಾವನ ಸಹಿ. ಇಂಥ ಅಚ್ಚುಕಟ್ಟಾದ ಫೈಲು ತಮ್ಮ ಸೇವಾವಧಿಯಲ್ಲೇ ಬಂದಿರಲಿಲ್ಲವೆಂದು ಅವರ ಕಣ್ಣು ಒದ್ದೆಯಾಯಿತು. ನಾಚಿಕೆ ಇರಲಿಲ್ಲ ಎಂಬ ಸಾಲಿನ ಎದುರು ಯಾವ ಷರಾ ಬರೆಯುವುದೆಂದು ಮಾತ್ರ ಅವರಿಗೆ ಹೊಳೆಯಲಿಲ್ಲ. ಯಜಮಾನಮ್ಮ ದಾರ ಹರಿದು ಒಲೆಗೆ ಹಾಕಿದರು. ತಾತ ಬಾಗಿಲು ದಾಟುವಾಗ ಏಳೂ ಜನ ಎದ್ದು ನಿಂತರು.

ವಾಪಸು ಬರುವಾಗ ಅಜ್ಜಿ ಮತ್ತು ನಾನು ಹಿಂದೆ, ತಂದೆ ಮಗ ಮುಂದೆ. ಮಾವ ಎದೆಯುಬ್ಬಿಸಿ ನಡೆಯುತ್ತಿದ್ದ. ಕುಲದ ಮಾನ ಉಳಿಸಿದವನು ಹೇಗೆ ನಡೆಯಬೇಕೋ ಹಾಗೆ.

ತಾತ ಕೇಳಿದರು. "ಯಾವಾಗ ನೆನಪಾಯ್ತು ನಿಂಗೆ?"

"ಏನು?"

"ಆ ನೆಲ."

"ನೆನಪಾಗೋಕೆ ಏನಿದೆ ಅಪ್ಪಾ. ನಿನ್ನ ಹೆಸರು ಹಾಳಾಗ್ಬಾರ್ದು ಅಂತ ಬಾಯಿಗೆ ಬಂದದ್ದು ಹೇಳ್ದೆ."

ತಾತ ನಿಂತರು. ಪಕ್ಕದ ಕಾಂಪೌಂಡ್ ಗೋಡೆ ಹಿಡಿದುಕೊಂಡರು. ನನಗೆ ಗಾಬರಿಯಾಯಿತು, ನೋಡಿದರೆ ನಗುತ್ತಿದ್ದಾರೆ, ಕಣ್ಣಲ್ಲಿ ನೀರು.

"ಬಾಯಿಗೆ ಬಂದದ್ದಲ್ಲ ಕಣೋ, ನಡೆದದ್ದೇ ಅದು. ಆಗ ಆ ಮನೆಗೆ ಮಹಡಿ ಇರ್ಲಿಲ್ಲ, ನಾವು ಹೋಗ್ತಿದ್ದದ್ದು ಹಿಂದಿನ ಓಣಿಯಿಂದ. ಅದಕ್ಕೇ ನಿಂಗೆ ಗುರುತು ಹತ್ಲಿಲ್ಲ. ಸಿಮೆಂಟು ತರೋಕೆ ಹೋಗಿ ಬರೋಷ್ಟರಲ್ಲಿ ನೀನು ಮುಗಿಸಿ ಕೈಕಟ್ಟಿ ನಿಂತಿದ್ದೆ. ಆ ಮುಖ ನೋಡಿ ಒಡಿ ಅನ್ನೋಕೆ ಬಾಯಿ ಬರ್ಲಿಲ್ಲ."

"ಮತ್ತೆ ಹೂವು?"

"ಹೂವೂ ನಿಂದೇ. ಆ ಮಾಲೀಕ ಅದೇನು ಮೇಸ್ತ್ರಿ ಅಂತ ಕೇಳ್ದ. ನಮ್ಮ ಗುರುತು ಅಂದ್ಬಿಟ್ಟೆ. ಅಂದಮೇಲೆ ಮುಗೀತಲ್ಲ, ಮುಂದಿನ ಮನೇಲೂ ಇಡಬೇಕಾಯ್ತು. ಅದರ ಮುಂದಿನ ಮನೇಲೂ. ಹದಿನೆಂಟು ವರ್ಷ ಇಟ್ಟೆ." ಗೋಡೆ ಹಿಡಿದೇ ಎರಡು ಹೆಜ್ಜೆ ನಡೆದು ಸೇರಿಸಿದರು. "ಕರಣೆ ಕೊಟ್ಟೋನನ್ನ ಹಿಡೀಬೇಕು ಅಂದ್ಯಲ್ಲ. ತಗೋ, ಹಿಡ್ಕೊ." ಮಾವನ ಕಡೆಗೆ ಕೈ ಚಾಚಿದರು. ನಕ್ಕು ನಕ್ಕು ಸುಸ್ತಾಗಿ, ಗೋಡೆ ಬಿಟ್ಟರೆ ಅವರಿಗೆ ನಡೆಯಲು ಆಸರೆ ಬೇಕಿತ್ತು.

ಮಾವ ಕೈ ಹಿಡಿದುಕೊಂಡ. ಆದರೆ ಹೆಜ್ಜೆ ಕೀಳಲಾಗಲಿಲ್ಲ. ನಾನು ಕಣ್ಣಾರೆ ನೋಡಿದೆ, ಮೊಣಕಾಲಿನವರೆಗೆ ಕಲ್ಲಾಗಿದ್ದ.

ಅಜ್ಜಿ ಮಾತ್ರ ಸೆರಗು ಕೊಡವಿಕೊಂಡು ಮುಂದೆ ನಡೆದಳು. ಕೆರೆ, ಸೀರೆ, ನಯವಾದ ನೆಲ ಎಲ್ಲ ಗಂಡ ತನಗೆ ಹೇಳಿದ ಕಥೆಯೆಂದೂ, ಕಥೆ ಹೇಳುವವಳಿಗೇ ಕಥೆ ಕಟ್ಟಿದ ಮನುಷ್ಯನ ಮೇಲೆ ತನಗೆ ಮೊದಲಿನಿಂದಲೂ ಅನುಮಾನವಿತ್ತೆಂದೂ ದಾರಿಯುದ್ದಕ್ಕೂ ಹೇಳಿದಳು. ಅವತ್ತು ರಾತ್ರಿ ಅದೇ ಕಥೆಯನ್ನು ಹೊಸದಾಗಿ ಹೇಳಿದಾಗ ಅದರಲ್ಲಿ ಒಬ್ಬ ಪೆದ್ದ ರಾಜಕುಮಾರ ಹೆಚ್ಚಾಗಿದ್ದ.

ಸಾಹೇಬರ ಬಚ್ಚಲು ನಾಲ್ಕು ದಿನದಲ್ಲಿ ಹೊಸದಾಯಿತು. ಒಂದು ನೂಲೂ ಹೆಚ್ಚುಕಡಿಮೆಯಿಲ್ಲ. ನೀರು ಸುರಿದರೆ ಯೋಚನೆ ಮಾಡದೆ ಮೋರಿಗೆ ಹೋಯಿತು. ಕೊನೆಗೆ ಬಾಗಿಲ ಹಿಂದಿನ ಟೈಲ್ಸ್ ಉಳಿದಾಗ ಮಾವ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದ. ಆಮೇಲೆ ಹೂವನ್ನು ತಲೆಕೆಳಗೆ ಮಾಡಿ ಕೂರಿಸಿದ. ಸಾಹೇಬರು ಬಗ್ಗಿ ನೋಡಿ ಪೆನ್ನು ತೆಗೆದರು. ಯಜಮಾನಮ್ಮ ಪೆನ್ನು ಕಿತ್ತುಕೊಂಡರು.

ಈಗಲೂ ಮಾವ ರಿಪೇರಿಗೆ ಹೋಗುತ್ತಾನೆ. ಬಾಗಿಲಲ್ಲಿ ನಿಲ್ಲುತ್ತಾನೆ, ಸೊಂಟದ ಮೇಲೆ ಕೈಯಿಡುತ್ತಾನೆ, ಬಾಯಿ ತೆರೆಯುತ್ತಾನೆ. ಹಾಗೇ ಬಾಯಿ ಮುಚ್ಚಿ ಒಳಗೆ ಹೋಗಿ, ಮೊದಲು ಬಾಗಿಲ ಹಿಂದೆ ನೋಡಿ ಬರುತ್ತಾನೆ. ಆಮೇಲೆ ಶಾಸ್ತ್ರ.